ಮೊದಲ ಸಿಗಾರ್ ಕಹಿಯಾಯಿತು, ಉಳಿದ ಒಂಬತ್ತನ್ನು ಏನು ಮಾಡಲಿ?

ಪ್ರಶ್ನೆ: ನನಗೆ 41 ವರ್ಷ. ಸಿಗರೇಟಿನ ಅಭ್ಯಾಸ ಇಲ್ಲ. ಗೆಳೆಯನೊಬ್ಬ ಹತ್ತು ಸಿಗಾರ್ ಇರುವ ಪೆಟ್ಟಿಗೆಯನ್ನು ಉಡುಗೊರೆ ಕೊಟ್ಟ. ಹಾಳಾಗಬಾರದು ಅಂತ ಫ್ರಿಡ್ಜ್‌ನಲ್ಲಿಟ್ಟೆ. ಮೂರು ವಾರ ಬಿಟ್ಟು ಒಂದು ಸಂಜೆ, ಊಟಕ್ಕೆ ಮೊದಲು ಒಂದನ್ನು ಸೇದಿದೆ. ತುದಿಯನ್ನು ಹಲ್ಲಿನಿಂದ ಕಚ್ಚಿ ತೆಗೆದೆ. ಪೆಟ್ರೋಲ್ ಲೈಟರ್‌ನಿಂದ ಹಚ್ಚಿದೆ. ಆರಿಹೋಗಬಾರದೆಂದು ಬೇಗ ಬೇಗ ಎಳೆದೆ. ಇಪ್ಪತ್ತು ನಿಮಿಷದಲ್ಲಿ ಬಾಯೆಲ್ಲ ಕಹಿ. ತಲೆ ಸುತ್ತಿ ವಾಂತಿ ಬಂದಂತಾಯಿತು. ಸಿಗಾರೇ ಕೆಟ್ಟದ್ದೋ, ನನಗೆ ಆಗಿಬರುವುದಿಲ್ಲವೋ? ಉಳಿದ ಒಂಬತ್ತನ್ನು ಏನು ಮಾಡಲಿ? ಆರಿಸುವುದು, ಸೇದುವುದು, ಇಡುವುದು ಹೇಗೆ ಅಂತ ಮೊದಲಿನಿಂದ ಹೇಳಿ.

ಉತ್ತರ: ಮೊದಲು ಆ ಒಂಬತ್ತನ್ನು ಫ್ರಿಡ್ಜ್‌ನಿಂದ ಹೊರಗೆ ತೆಗೆಯಿರಿ. ಮಿಕ್ಕದ್ದನ್ನು ಆಮೇಲೆ ಓದಿ.

ತೆಗೆದಿರಾ? ಒಳ್ಳೆಯದು. ಅವನ್ನು ಗಾಳಿಯಾಡದ ಒಂದು ಡಬ್ಬಿಯಲ್ಲಿ ಹಾಕಿ ಮುಚ್ಚಿ, ಬಿಸಿಲು ಬೀಳದ ಕಡೆ ಇಡಿ. ಬೆಳ್ಳುಳ್ಳಿ, ಈರುಳ್ಳಿ, ಸೋಪಿನ ವಾಸನೆ ಇರುವ ಡಬ್ಬಿ ಮಾತ್ರ ಬೇಡ. ಸಿಗಾರ್ ಸುತ್ತಲಿನ ವಾಸನೆಯನ್ನೆಲ್ಲ ಹೀರಿಕೊಳ್ಳುತ್ತದೆ.

ನಿಮ್ಮ ಸಿಗಾರ್ ಕೆಟ್ಟದ್ದಾಗಿರಲಿಲ್ಲ ಅನ್ನುವುದು ನನ್ನ ಅಂದಾಜು. ಅದರ ಹದ ತಪ್ಪಿತ್ತು. ಬಿತ್ತನೆಗೆ ಮುಂಚೆ ಮಣ್ಣಿನ ಹದ ನೋಡುತ್ತಾರಲ್ಲ, ಹಾಗೆಯೇ ಇದು. ಎಲೆಯೊಳಗೆ ಎಷ್ಟು ನೀರಿದೆ, ಅದಕ್ಕೆ ಎಷ್ಟು ಬಿಸಿ ತಾಗುತ್ತಿದೆ, ಈ ಎರಡರ ಮೇಲೆ ಸಿಗಾರಿನ ಎಲ್ಲ ರುಚಿಯೂ ನಿಂತಿದೆ. ಫ್ರಿಡ್ಜ್ ನೀರನ್ನು ತೆಗೆಯಿತು. ಬೇಗ ಬೇಗ ಎಳೆದದ್ದು ಬಿಸಿಯನ್ನು ಏರಿಸಿತು. ಬರಿಹೊಟ್ಟೆ ಉಳಿದ ಕೆಲಸ ಮಾಡಿತು. ಹೊಸಬರು ಸಾಮಾನ್ಯವಾಗಿ ಬೆಲೆ, ಬ್ರ್ಯಾಂಡ್, ದೇಶ ಅಂತ ಕೇಳುತ್ತಾರೆ. ನಾನು ಹದದಿಂದಲೇ ಶುರು ಮಾಡುತ್ತೇನೆ.

ಸಿಗಾರ್ ಅಂದರೆ ಬರೀ ಎಲೆ. ಕೈಯಿಂದ ಸುತ್ತಿದ ಒಳ್ಳೆಯ ಸಿಗಾರಿನಲ್ಲಿ ಕಾಗದ ಇಲ್ಲ, ಫಿಲ್ಟರ್ ಇಲ್ಲ. ಒಳಗೆ ಉದ್ದುದ್ದ ಮಡಿಸಿದ ನಾಲ್ಕೈದು ಎಲೆ. ಅದಕ್ಕೆ ಫಿಲ್ಲರ್ ಅನ್ನುತ್ತಾರೆ. ಅದನ್ನು ಬಿಗಿಯಾಗಿ ಹಿಡಿಯುವ ಎಲೆ ಬೈಂಡರ್. ಹೊರಗೆ ಕಾಣುವ ನುಣುಪಾದ ಎಲೆ ರ್‍ಯಾಪರ್. ಬಾಯಿಗಿಡುವ ತುದಿಯಲ್ಲಿ ಎಲೆಯದೇ ಒಂದು ಪುಟ್ಟ ಟೋಪಿ ಅಂಟಿಸಿರುತ್ತಾರೆ, ಅದು ಕ್ಯಾಪ್. ಅಂಟು ಕೂಡ ಗಿಡಗಳಿಂದ ಬಂದದ್ದೇ. ಕಡಿಮೆ ಬೆಲೆಯ, ಮೆಷಿನ್‌ನಲ್ಲಿ ಸುತ್ತಿದ ಸಿಗಾರುಗಳಲ್ಲಿ ಸಾಮಾನ್ಯವಾಗಿ ಎಲೆಯ ಚೂರು ತುಂಬಿರುತ್ತಾರೆ. ಚೂರು ಬೇಗ ಉರಿಯುತ್ತದೆ, ಬಿಸಿ ಜಾಸ್ತಿ.

ಒಂದೇ ಗಿಡದ ಎಲೆಗಳೂ ಒಂದೇ ಥರ ಇರುವುದಿಲ್ಲ. ಬುಡದ ಎಲೆ ತೆಳು, ಸುಲಭವಾಗಿ ಉರಿಯುತ್ತದೆ. ಅದು ವೊಲಾಡೊ. ನಡುವಿನದು ಸೆಕೊ, ಪರಿಮಳ ಅದರಲ್ಲಿ. ತುದಿಯ ಎಲೆ ಬಿಸಿಲು ಹೆಚ್ಚು ಕುಡಿದಿರುತ್ತದೆ, ದಪ್ಪ, ಖಡಕ್, ನಿಧಾನ ಉರಿಯುತ್ತದೆ. ಅದು ಲಿಗೆರೊ. ಸುತ್ತುವವರು ಲಿಗೆರೊವನ್ನು ಸರಿಯಾಗಿ ನಡುವೆ ಇಡುತ್ತಾರೆ. ಬದಿಗೆ ಬಂದರೆ ಸಿಗಾರ್ ಒಂದು ಕಡೆ ಉರಿದು ಇನ್ನೊಂದು ಕಡೆ ಹಾಗೇ ಉಳಿಯುತ್ತದೆ.

ಕೊಯ್ದ ಎಲೆಯನ್ನು ಕೊಟ್ಟಿಗೆಯಲ್ಲಿ ತೂಗುಹಾಕಿ ಒಣಗಿಸಿ, ಆಮೇಲೆ ಎದೆಯೆತ್ತರ ರಾಶಿ ಹಾಕುತ್ತಾರೆ. ಗೊಬ್ಬರದ ಗುಂಡಿಯೊಳಗೆ ಕೈ ಇಟ್ಟರೆ ಬಿಸಿ ತಾಗುತ್ತದಲ್ಲ, ಈ ರಾಶಿಯೊಳಗೂ ಹಾಗೇ ಬಿಸಿ ಏಳುತ್ತದೆ. ಅತಿಯಾಗುವ ಮೊದಲು ರಾಶಿಯನ್ನು ಒಡೆದು, ಒಳಗಿನದನ್ನು ಹೊರಗೆ ಹಾಕಿ ಮತ್ತೆ ಕಟ್ಟುತ್ತಾರೆ. ತಿಂಗಳುಗಟ್ಟಲೆ ಇದೇ ಕೆಲಸ. ಎಲೆಯಲ್ಲಿದ್ದ ಅಮೋನಿಯಾ ಹೀಗೆ ಹೊರಗೆ ಹೋಗುತ್ತದೆ. ಕೊಂಡುಕೊಳ್ಳುವಾಗ ಸಿಗಾರಿನ ತೆರೆದ ತುದಿಯನ್ನು ಮೂಸಿ ನೋಡಿ. ಮೂಗಿಗೆ ಚುಚ್ಚುವ ಅಮೋನಿಯಾ ವಾಸನೆ ಬಂದರೆ ಅದು ಇನ್ನೂ ಹಸಿ ಅಂತ ಅರ್ಥ. ಬಿಟ್ಟುಬಿಡಿ, ಇಲ್ಲವೇ ತಂದು ಕೆಲವು ತಿಂಗಳು ಸುಮ್ನೆ ಇಡಿ.

ಈಗ ನಿಮ್ಮ ತಲೆ ಸುತ್ತಿದ ವಿಷಯ. ಇದನ್ನು ಬಿಡಿಸಿಯೇ ಹೇಳಬೇಕು. ಸಿಗಾರಿನ ಹೊಗೆ ಕ್ಷಾರ ಗುಣದ್ದು. ಹಾಗಾಗಿ ಅದರ ನಿಕೋಟಿನ್ ಶ್ವಾಸಕೋಶಕ್ಕೆ ಹೋಗಬೇಕಾಗಿಯೇ ಇಲ್ಲ, ಬಾಯಿಯ ಒಳಚರ್ಮದಿಂದಲೇ ರಕ್ತಕ್ಕೆ ಸೇರುತ್ತದೆ. ಹೊಗೆ ಒಳಗೆ ಎಳೆಯದಿದ್ದರೂ ತಲೆ ಸುತ್ತು ಬರುತ್ತದೆ. ಒಳಗೆ ಎಳೆದರಂತೂ ಕೇಳುವುದೇ ಬೇಡ. ಜೊತೆಗೆ ನಿಮ್ಮದು ಬರಿಹೊಟ್ಟೆ, ಇಪ್ಪತ್ತೇ ನಿಮಿಷ. ದೇಹ ಅದನ್ನು ತಾಳಲಿಲ್ಲ ಅಷ್ಟೇ. ಮುಂದೆ ಎಂದಾದರೂ ಬೆವರು, ವಾಕರಿಕೆ, ಕೈ ನಡುಕ ಶುರುವಾದರೆ ಸಿಗಾರನ್ನು ತಕ್ಷಣ ಕೆಳಗಿಡಿ. ಗಾಳಿ ಇರುವ ಕಡೆ ಕುಳಿತು ಸಕ್ಕರೆ ಹಾಕಿದ ಏನಾದರೂ ಕುಡಿಯಿರಿ. ಸ್ವಲ್ಪ ಹೊತ್ತಿನಲ್ಲಿ ಇಳಿಯುತ್ತದೆ. ಮತ್ತೆ ಅದನ್ನೇ ಎತ್ತಿಕೊಳ್ಳಬೇಡಿ.

ಇನ್ನೊಂದು ಮಾತನ್ನೂ ಇಲ್ಲೇ ಹೇಳುತ್ತೇನೆ, ಕೊನೆಗೆ ಸಣ್ಣ ಅಕ್ಷರದಲ್ಲಿ ಬರೆಯುವ ಮಾತು ಅದಲ್ಲ. ‘ಒಳಗೆ ಎಳೆಯದಿದ್ದರೆ ಸಿಗಾರಿನಿಂದ ತೊಂದರೆ ಇಲ್ಲ’ ಅನ್ನುವವರು ಸಿಗುತ್ತಾರೆ. ಅದು ಸುಳ್ಳು. ಬಾಯಿ, ಗಂಟಲು, ಧ್ವನಿಪೆಟ್ಟಿಗೆ, ಅನ್ನನಾಳ, ಶ್ವಾಸಕೋಶ ಇವುಗಳ ಕ್ಯಾನ್ಸರ್‌ಗೆ ಸಿಗಾರ್ ಕಾರಣವಾಗುತ್ತದೆ. ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ 1998ರಲ್ಲಿ ಈ ಬಗ್ಗೆ ಒಂದು ದೊಡ್ಡ ವರದಿಯನ್ನೇ ತಂದಿತು. ಒಂದು ಸಿಗರೇಟಿನಲ್ಲಿ ಇರುವ ಹೊಗೆಸೊಪ್ಪು 1 ಗ್ರಾಂಗಿಂತ ಕಡಿಮೆ. ದೊಡ್ಡ ಸಿಗಾರಿನಲ್ಲಿ 5ರಿಂದ 17 ಗ್ರಾಂವರೆಗೂ ಇರುತ್ತದೆ. ಎಷ್ಟು ಸಲ ಸೇದುತ್ತೀರಿ, ಎಷ್ಟು ಆಳಕ್ಕೆ ಎಳೆಯುತ್ತೀರಿ ಎಂಬುದರ ಮೇಲೆ ಅಪಾಯ ಏರುತ್ತದೆ. ಸೊನ್ನೆ ಮಾತ್ರ ಆಗುವುದಿಲ್ಲ. ಹಿಂದೆ ಸಿಗರೇಟ್ ಸೇದಿ ಬಿಟ್ಟವರಿಗೆ ನಾನು ಸಿಗಾರ್ ಬೇಡ ಅಂತಲೇ ಹೇಳುತ್ತೇನೆ. ಅವರಿಗೆ ಗೊತ್ತಿಲ್ಲದೇ ಹೊಗೆ ಒಳಗೆ ಹೋಗುತ್ತದೆ. ಹೃದಯದ ತೊಂದರೆ ಇದ್ದವರಿಗೂ ಬೇಡ. ನೀವು ಇಷ್ಟು ಓದಿ ಪೆಟ್ಟಿಗೆಯನ್ನು ಗೆಳೆಯನಿಗೇ ವಾಪಸ್ ಕೊಟ್ಟರೆ ಅದು ಸರಿಯಾದ ನಿರ್ಧಾರವೇ. ಇಟ್ಟುಕೊಳ್ಳುತ್ತೀರಾದರೆ, ಅಪರೂಪಕ್ಕೆ, ಹೊರಗೆ, ಮಕ್ಕಳು ಮತ್ತು ಸೇದದವರಿಂದ ದೂರ ಕುಳಿತು ಸೇದಿ. ಉಳಿದ ತುಂಡನ್ನು ಮಗುವೋ ನಾಯಿಯೋ ಬಾಯಿಗೆ ಹಾಕಿಕೊಂಡರೆ ವಿಷ. ಅದು ಕೈಗೆ ಸಿಗದಂತೆ ನೋಡಿಕೊಳ್ಳಿ.

ಇನ್ನು ಆರಿಸುವುದು. ಗಾತ್ರವನ್ನು ಉದ್ದ ಮತ್ತು ರಿಂಗ್ ಗೇಜ್ ಅಂತ ಎರಡು ಅಂಕಿಯಲ್ಲಿ ಹೇಳುತ್ತಾರೆ. ರಿಂಗ್ ಗೇಜ್ ಅಂದರೆ ಒಂದು ಇಂಚಿನ 64ನೇ ಒಂದು ಭಾಗ. 50 ರಿಂಗ್ ಅಂದರೆ ಇಂಚಿನ 64ರಲ್ಲಿ 50 ಪಾಲು, ಸುಮಾರು 20 ಮಿಲಿಮೀಟರ್ ದಪ್ಪ. ರೊಬಸ್ಟೊ ಸುಮಾರು 5 ಇಂಚು ಉದ್ದ, 50 ರಿಂಗ್. ಕೊರೋನಾ ಐದೂವರೆ ಇಂಚು, 42 ರಿಂಗ್. ಚರ್ಚಿಲ್ 7 ಇಂಚು, 47 ರಿಂಗ್. ಸಣ್ಣದಾದರೆ ಮೃದು ಇರುತ್ತದೆ ಅಂತ ಹೊಸಬರು ತೆಳ್ಳಗಿನ ಸಿಗಾರನ್ನು ಎತ್ತಿಕೊಳ್ಳುತ್ತಾರೆ. ಇಲ್ಲೇ ಎಡವುತ್ತಾರೆ. ತೆಳು ಸಿಗಾರಿನಲ್ಲಿ ಉರಿಯುವ ತುದಿಯಿಂದ ಬರುವ ಹೊಗೆಗೆ ತಣ್ಣಗಾಗಲು ಜಾಗ ಕಡಿಮೆ. ನಿಧಾನ ಎಳೆಯಲು ಬಾರದವರ ಕೈಯಲ್ಲಿ ಅದು ಬೇಗ ಕಾದು ಕಹಿಯಾಗುತ್ತದೆ. ಚರ್ಚಿಲ್ ಅಂತೂ ಒಂದೂವರೆ ಗಂಟೆಯ ಮಾತು, ಹೊಸ ದೇಹಕ್ಕೆ ನಿಕೋಟಿನ್ ಜಾಸ್ತಿಯಾಯಿತು. ಉದ್ದ ಕಡಿಮೆ ಇದ್ದು ಸ್ವಲ್ಪ ದಪ್ಪ ಇರುವುದು ನಿಮಗೆ ಸರಿ. ಗಿಡ್ಡ ರೊಬಸ್ಟೊ ಸಾಕು. ಅದನ್ನೂ ಮುಗಿಸಲೇಬೇಕು ಅಂತಿಲ್ಲ.

ಬಣ್ಣ ನೋಡಿ ಖಾರ ಅಳೆಯಬೇಡಿ. ಕಪ್ಪು ರ್‍ಯಾಪರಿಗೆ ಮಡುರೊ ಅನ್ನುತ್ತಾರೆ. ಹೆಚ್ಚು ಕಾಲ, ಹೆಚ್ಚು ಬಿಸಿಯಲ್ಲಿ ಹುದುಗಿಸಿದ್ದರಿಂದ ಅದು ಕಪ್ಪಾಗಿದೆ, ಹಾಗಾಗಿ ಸ್ವಲ್ಪ ಸಿಹಿಯೂ ಇರುತ್ತದೆ. ಖಡಕ್ ಎಷ್ಟು ಅನ್ನುವುದನ್ನು ಹೆಚ್ಚಾಗಿ ಒಳಗಿನ ಎಲೆ ಹೇಳುತ್ತದೆ. ಆದರೂ ಮೊದಲ ನಾಲ್ಕೈದು ಸಿಗಾರಿಗೆ ನಾನು ಕನೆಕ್ಟಿಕಟ್ ಶೇಡ್ ರ್‍ಯಾಪರ್ ಇರುವುದನ್ನೇ ಹೇಳುತ್ತೇನೆ. ಅಮೆರಿಕದ ಕನೆಕ್ಟಿಕಟ್ ನದಿಯ ಕಣಿವೆಯಲ್ಲಿ ಗಿಡಗಳ ಮೇಲೆ ಬಟ್ಟೆಯ ಚಪ್ಪರ ಕಟ್ಟಿ, ನೆರಳಲ್ಲಿ ಬೆಳೆಸುತ್ತ ಬಂದ ಎಲೆ ಅದು. ತೆಳು, ತಿಳಿ ಕಂದು, ಕೆನೆಯಂಥ ರುಚಿ. ಇದೇ ತಳಿಯನ್ನು ಈಕ್ವೆಡಾರ್‌ನಲ್ಲೂ ಬೆಳೆಯುತ್ತಾರೆ. ಅಲ್ಲಿ ಮೋಡವೇ ಚಪ್ಪರ. ಇದರೊಳಗೆ ಡೊಮಿನಿಕನ್ ಗಣರಾಜ್ಯದ ಎಲೆ ತುಂಬಿದ್ದರೆ ಸಾಮಾನ್ಯವಾಗಿ ಮೃದುವಾಗಿರುತ್ತದೆ. ನಿಕರಾಗುವಾದ ಎಸ್ತೆಲಿ ಕಡೆಯ ಎಲೆ ಮೆಣಸಿನಂತೆ ಚುರುಕು, ಅದು ಆಮೇಲೆ ನೋಡಿದರಾಯಿತು.

ಕ್ಯೂಬಾ ಬಗ್ಗೆ ಒಂದಿಷ್ಟು. ಪಿನಾರ್ ದೆಲ್ ರಿಯೊ ಪ್ರಾಂತ್ಯದ ವುಎಲ್ತಾ ಅಬಾಹೊದ ಎಲೆಗೆ ಅಷ್ಟು ಹೆಸರಿರುವುದು ಸುಮ್ನೆ ಅಲ್ಲ, ನಿಜಕ್ಕೂ ಅದರದೇ ಒಂದು ಪರಿಮಳ ಇದೆ. ಆದರೆ ಹೊಸಬರು ಅಲ್ಲಿಂದಲೇ ಶುರು ಮಾಡಬೇಕಿಲ್ಲ. 1960ರಲ್ಲಿ ಕ್ಯೂಬಾ ಸರ್ಕಾರ ಸಿಗಾರ್ ಕಾರ್ಖಾನೆಗಳನ್ನು ತನ್ನದಾಗಿಸಿಕೊಂಡಿತು. ದೇಶ ಬಿಟ್ಟುಹೋದ ಎಷ್ಟೋ ಮಾಲೀಕರು ಹೊರಗೆ ಹೋಗಿ ಅದೇ ಹೆಸರಿನಲ್ಲಿ ಮತ್ತೆ ಕೆಲಸ ಶುರು ಮಾಡಿದರು. ಹಾಗಾಗಿ ಮಾಂಟೆಕ್ರಿಸ್ಟೊ, ರೋಮಿಯೊ ಇ ಹುಲಿಯೆಟಾ ಅಂಥ ಹೆಸರುಗಳು ಇವತ್ತು ಎರಡೆರಡು ಇವೆ, ಒಂದು ಕ್ಯೂಬಾದ್ದು, ಒಂದು ಅಲ್ಲದ್ದು. ಎರಡೂ ಅಸಲಿಯೇ. ನಕಲಿ ಬೇರೆ ಇದೆ. ಗಾಜಿನ ಮುಚ್ಚಳದ ಪೆಟ್ಟಿಗೆಯಲ್ಲಿ ಕ್ಯೂಬಾದ ಕೊಹಿಬಾ ಬ್ರ್ಯಾಂಡ್ ಅಂತ ಯಾರಾದರೂ ತೋರಿಸಿದರೆ ಕೊಳ್ಳಬೇಡಿ. ಕ್ಯೂಬಾ ಹಾಗೆ ಕಟ್ಟಿ ಮಾರುವುದಿಲ್ಲ.

ಅಂಗಡಿಯಲ್ಲಿ ನೋಡಬೇಕಾದದ್ದು ಕೈಗೆ, ಕಣ್ಣಿಗೆ ಸಿಗುವಷ್ಟೇ. ಬೆರಳ ನಡುವೆ ಮೆಲ್ಲಗೆ ಒತ್ತುತ್ತಾ ಬನ್ನಿ. ಒತ್ತಿದರೆ ತಗ್ಗಿ, ಬಿಟ್ಟರೆ ಮೇಲೆ ಬರಬೇಕು. ಚರಚರ ಸದ್ದಾದರೆ ಒಣಗಿದೆ. ಒದ್ದೆ ಸ್ಪಂಜಿನಂತಿದ್ದರೆ ನೀರು ಜಾಸ್ತಿ. ನಡುವೆ ಕಲ್ಲಿನಂತೆ ಗಟ್ಟಿ ಜಾಗ ಸಿಕ್ಕರೆ ಅಲ್ಲಿ ಹೊಗೆ ಬರುವುದಿಲ್ಲ. ರ್‍ಯಾಪರಿನಲ್ಲಿ ಬಿರುಕು ಇರಬಾರದು. ಸೂಜಿ ಚುಚ್ಚಿದಂಥ ಗುಂಡನೆಯ ತೂತು ಇದ್ದರೆ ಹುಳು ಬಿದ್ದಿದೆ. ಜೊತೆಗಿರುವ ಅಂಗಡಿಯವರಿಗೂ ತೋರಿಸಿ, ಆ ಪೆಟ್ಟಿಗೆಯಿಂದ ಏನೂ ತರಬೇಡಿ.

ಕತ್ತರಿಸುವುದಕ್ಕೆ ಹಲ್ಲು ಬೇಡ, ಎರಡು ಅಲಗಿನ ಸಾದಾ ಕಟರ್ ಸಾಕು. ಕ್ಯಾಪ್ ಎಲ್ಲಿ ಮುಗಿದು ಮೈ ಶುರುವಾಗುತ್ತದೋ ಅಲ್ಲಿ ತೆಳ್ಳಗೆ ಒಂದು ಗೆರೆ ಕಾಣುತ್ತದೆ. ಆ ಗೆರೆಗಿಂತ ಮೇಲೆ, ಸುಮಾರು 2 ಮಿಲಿಮೀಟರ್ ಮಾತ್ರ, ಒಂದೇ ಏಟಿಗೆ. ಗೆರೆಗಿಂತ ಕೆಳಗೆ ಹೋದರೆ ರ್‍ಯಾಪರ್ ಬಿಚ್ಚಿಕೊಳ್ಳುತ್ತಾ ಬರುತ್ತದೆ. ನೀವು ಕಚ್ಚಿದಾಗ ಬಾಯಿಗೆ ಚೂರು ಬಂದಿರಬೇಕು, ಅಲ್ವಾ? ಕಾರಣ ಇದೇ. ಕತ್ತರಿಸಿದ ಮೇಲೆ ಹಚ್ಚದೆ ಒಂದು ಸಲ ಎಳೆದು ನೋಡಿ. ಗಾಳಿ ಸುಲಭವಾಗಿ ಬಂದರೂ ಸ್ವಲ್ಪ ತಡೆ ಇರಬೇಕು. ಎಲೆಯ ರುಚಿ ನಾಲಿಗೆಗೆ ಬರುತ್ತದೆ. ನನಗೆ ಇವತ್ತಿಗೂ ಬಹಳ ಇಷ್ಟವಾದ ಗಳಿಗೆ ಅದು.

ಹಚ್ಚಲು ಬ್ಯುಟೇನ್ ಲೈಟರ್ ಅಥವಾ ಉದ್ದನೆಯ ಮರದ ಕಡ್ಡಿ ಬಳಸಿ. ಪೆಟ್ರೋಲ್ ಲೈಟರಿನ ವಾಸನೆ ಸಿಗಾರಿಗೆ ಹಿಡಿದರೆ ಬಿಡುವುದಿಲ್ಲ, ನಿಮ್ಮ ಕಹಿಯಲ್ಲಿ ಅದರದೂ ಪಾಲಿದೆ. ಬೆಂಕಿ ಸಿಗಾರನ್ನು ಮುಟ್ಟಬಾರದು. ಅರ್ಧ ಇಂಚು ಕೆಳಗೆ ಬೆಂಕಿ ಹಿಡಿದು, ಸಿಗಾರನ್ನು ತಿರುಗಿಸುತ್ತಾ, ಹಪ್ಪಳ ಸುಟ್ಟಂತೆ ಅಂಚನ್ನು ಸುತ್ತಲೂ ಕಾಯಿಸಿ. ಅಂಚು ಕಪ್ಪಾಗಿ ಕೆಂಡ ಕಾಣುವಾಗ ಬಾಯಿಗಿಟ್ಟು, ತಿರುಗಿಸುತ್ತಲೇ ಎರಡು ಮೂರು ಸಲ ಮೆಲ್ಲಗೆ ಎಳೆಯಿರಿ. ತುದಿಗೆ ಊದಿ ನೋಡಿ. ಇಡೀ ವೃತ್ತ ಕೆಂಪಾಗಬೇಕು. ಎಲ್ಲಾದರೂ ಕಪ್ಪು ಉಳಿದಿದ್ದರೆ ಅಲ್ಲಿ ಮಾತ್ರ ಮತ್ತೆ ಬೆಂಕಿ ತೋರಿಸಿ.

ಆಮೇಲೆ ನಿಮಿಷಕ್ಕೊಂದು ದಮ್ಮು. ಹೊಗೆ ಬಾಯಲ್ಲಿ ತುಂಬಲಿ, ಎರಡು ಕ್ಷಣ ಇರಲಿ, ಹೊರಗೆ ಬಿಡಿ. ಗಂಟಲು ಮುಚ್ಚಿಯೇ ಇರಬೇಕು. ಸ್ಟ್ರಾನಲ್ಲಿ ಜ್ಯೂಸ್ ಎಳೆದು ನುಂಗದೆ ಬಾಯಲ್ಲಿ ಇಟ್ಟುಕೊಳ್ಳುತ್ತೀರಲ್ಲ, ಕೆನ್ನೆಯ ಆ ಕೆಲಸವೇ ಇದು. ನಿಮಿಷ ಅನ್ನುವುದು ಗಡಿಯಾರ ನೋಡಿ ಎಣಿಸುವುದಕ್ಕಲ್ಲ. ಸಿಗಾರ್ ಹಿಡಿದ ಬೆರಳಿಗೆ ಬಿಸಿ ಜಾಸ್ತಿ ಅನ್ನಿಸಿದರೆ, ಹೊಗೆ ನಾಲಿಗೆಗೆ ಚುರುಕ್ ಅಂದರೆ, ಬೇಗ ಎಳೆಯುತ್ತಿದ್ದೀರಿ. ಎರಡು ನಿಮಿಷ ಸುಮ್ನೆ ಬಿಡಿ. ಆರಿಹೋಗುತ್ತದೆ ಅನ್ನುವ ಭಯದಿಂದಲೇ ಹೊಸಬರು ಸಿಗಾರ್ ಸುಟ್ಟುಹಾಕುತ್ತಾರೆ. ಆರಿದರೆ ಆರಲಿ. ಬೂದಿ ತೆಗೆದು, ಮೊದಲಿನಂತೆ ಅಂಚು ಕಾಯಿಸಿ ಮತ್ತೆ ಹಚ್ಚಬಹುದು. ಗಂಟೆಯೊಳಗೆ ಹಚ್ಚಿದರೆ ರುಚಿಗೆ ಅಷ್ಟೇನೂ ಪೆಟ್ಟಿಲ್ಲ. ಮರುದಿನಕ್ಕೆ ಇಡಬೇಡಿ, ಹಳಸಲು ಹೊಗೆಯ ವಾಸನೆ ಕೂತಿರುತ್ತದೆ.

ಬೂದಿಯನ್ನು ಸಿಗರೇಟಿನಂತೆ ಮತ್ತೆ ಮತ್ತೆ ಕೊಡವಬೇಡಿ. ಒಂದು ಇಂಚಿನಷ್ಟು ಬೂದಿ ನಿಂತಿದ್ದರೆ ಕೆಂಡಕ್ಕೆ ಗಾಳಿ ಕಡಿಮೆ ತಾಗಿ ಉರಿ ತಣ್ಣಗಿರುತ್ತದೆ. ಒಂದು ಬದಿ ಮುಂದೆ ಉರಿದರೆ ಹಿಂದೆ ಉಳಿದ ಬದಿಗೆ ಲೈಟರ್ ತೋರಿಸಿ ಸರಿ ಮಾಡಿ. ಕೊನೆಯ ಮೂರನೇ ಭಾಗಕ್ಕೆ ಬಂದಾಗ ರುಚಿ ಗಡುಸಾಗುತ್ತದೆ, ಟಾರ್ ಎಲ್ಲ ಅಲ್ಲಿಗೆ ಬಂದು ಸೇರಿರುತ್ತದೆ. ಖುಷಿ ನಿಂತ ಜಾಗದಲ್ಲಿ ನೀವೂ ನಿಲ್ಲಿಸಿ. ಹೊಸಕಿ ಆರಿಸಿದರೆ ಕೆಟ್ಟ ವಾಸನೆ ಏಳುತ್ತದೆ. ಆ್ಯಷ್‌ಟ್ರೇಯಲ್ಲಿ ಇಟ್ಟರೆ ತಾನೇ ಆರುತ್ತದೆ.

ಈಗ ಇಡುವ ವಿಷಯ. ನನ್ನ ಮಟ್ಟಿಗೆ ಮುಖ್ಯವಾದದ್ದು ಇದೇ. ಎಲೆ ಸತ್ತಿದ್ದರೂ ಸುತ್ತಲಿನ ಗಾಳಿಯ ಜೊತೆ ಅದರ ಲೆಕ್ಕಾಚಾರ ನಡೆಯುತ್ತಲೇ ಇರುತ್ತದೆ. ಗಾಳಿ ಒಣಗಿದ್ದರೆ ನೀರು ಕೊಡುತ್ತದೆ, ತೇವ ಇದ್ದರೆ ತೆಗೆದುಕೊಳ್ಳುತ್ತದೆ. ಗಾಳಿಯ ತೇವಾಂಶ ಶೇ 65ರಿಂದ 70, ಬಿಸಿ 18ರಿಂದ 21 ಡಿಗ್ರಿ ಸೆಲ್ಸಿಯಸ್ ಇದ್ದರೆ ಎಲೆ ಹದದಲ್ಲಿರುತ್ತದೆ. ‘70ಕ್ಕೆ 70’ ಅನ್ನುವುದು ಹಳೆಯ ಲೆಕ್ಕ: ಶೇ 70 ತೇವ, 70 ಡಿಗ್ರಿ ಫ್ಯಾರನ್‌ಹೀಟ್. ನಾನು 65ರ ಕಡೆಯವನು. ಉರಿ ಸಮನಾಗಿ ಬರುತ್ತದೆ, ಎಳೆಯಲು ಸಲೀಸು, ಬೂಷ್ಟಿನ ಭಯ ಕಡಿಮೆ. ಫ್ರಿಡ್ಜ್ ಯಾಕೆ ಬೇಡ ಅಂದರೆ, ಅದು ತಂಪು ಮಾಡುವಾಗಲೇ ಗಾಳಿಯ ನೀರನ್ನೂ ತೆಗೆದುಹಾಕುತ್ತದೆ. ಜೊತೆಗೆ ಒಳಗಿರುವ ಎಲ್ಲದರ ವಾಸನೆ ಉಚಿತ.

ಒಂಬತ್ತು ಸಿಗಾರಿಗೆ ಮರದ ಹ್ಯುಮಿಡರ್, ಅಂದರೆ ತೇವ ಕಾಪಾಡುವ ಸಿಗಾರ್ ಪೆಟ್ಟಿಗೆ, ಕೊಳ್ಳಬೇಡಿ. ಕಡಿಮೆ ಬೆಲೆಯವುಗಳ ಮುಚ್ಚಳ ಸರಿಯಾಗಿ ಕೂರುವುದಿಲ್ಲ, ತೇವ ಸೋರುತ್ತದೆ. ಅಡುಗೆಮನೆಯ ಗಾಳಿಯಾಡದ ಹೊಸ ಡಬ್ಬಿಯೇ ಇದಕ್ಕಿಂತ ಚೆನ್ನಾಗಿ ಕೆಲಸ ಮಾಡುತ್ತದೆ. ಒಳಗೆ ತೇವ ಕಾಪಾಡುವ ಒಂದು ಪ್ಯಾಕೆಟ್ ಇಡಿ. ಬೊವೆಡಾ ಅನ್ನುವ ಹೆಸರಿನವು ಹೆಚ್ಚು ಬಳಕೆಯಲ್ಲಿವೆ. ಪ್ಯಾಕೆಟ್ ಮೇಲೆ 62, 65, 69 ಅಂತ ಅಂಕಿ ಇರುತ್ತದೆ. ಅಷ್ಟಕ್ಕಿಂತ ಕಡಿಮೆಯಾದರೆ ತೇವ ಬಿಡುತ್ತದೆ, ಜಾಸ್ತಿಯಾದರೆ ಹೀರುತ್ತದೆ. ಒದ್ದೆ ಸ್ಪಂಜು, ನಲ್ಲಿ ನೀರು ಇಡಬೇಡಿ.

ಡಬ್ಬಿಯೊಳಗೆ ತೇವ ಅಳೆಯುವ ಒಂದು ಪುಟ್ಟ ಹೈಗ್ರೋಮೀಟರ್ ಇಡಿ, ಆದರೆ ಅದನ್ನು ಹಾಗೇ ನಂಬಬೇಡಿ. ಬಾಟಲಿ ಮುಚ್ಚಳದಲ್ಲಿ ಉಪ್ಪು ಹಾಕಿ, ಕೆಸರಿನಂತಾಗುವಷ್ಟು ಹನಿ ನೀರು ಬೆರೆಸಿ. ಅದನ್ನೂ ಮೀಟರನ್ನೂ ಒಂದು ಜಿಪ್ ಚೀಲದಲ್ಲಿ ಹಾಕಿ ಎಂಟು ಗಂಟೆ ಬಿಡಿ. ಒದ್ದೆ ಉಪ್ಪು ಮುಚ್ಚಿದ ಜಾಗದ ತೇವವನ್ನು ಶೇ 75ರಲ್ಲಿ ಹಿಡಿದಿಡುತ್ತದೆ. ಮೀಟರ್ 71 ತೋರಿಸಿದರೆ ಅದು 4 ಕಡಿಮೆ ಹೇಳುತ್ತದೆ ಅಂತ ಬರೆದಿಟ್ಟುಕೊಳ್ಳಿ.

ಮುಂದೆ ಸಂಗ್ರಹ ಬೆಳೆದು ಮರದ ಪೆಟ್ಟಿಗೆ ಬೇಕೆನಿಸಿದರೆ ಒಳಗೆ ಸ್ಪ್ಯಾನಿಶ್ ಸೀಡರ್ ಇರುವುದನ್ನು ನೋಡಿ. ಹೆಸರು ಸೀಡರ್ ಆದರೂ ಅದು ದೇವದಾರು ಜಾತಿಯದಲ್ಲ. ಮಹಾಗನಿ, ಬೇವು ಇರುವ ಕುಟುಂಬದ ಮರ. ಹೊಸ ಪೆಟ್ಟಿಗೆಯ ಮರ ಒಣಗಿರುತ್ತದೆ. ಹಾಗೇ ಸಿಗಾರ್ ಇಟ್ಟರೆ ಸಿಗಾರಿನ ನೀರನ್ನೇ ಕುಡಿಯುತ್ತದೆ. ಬಟ್ಟಿ ಇಳಿಸಿದ ನೀರಿನ ಬಟ್ಟಲು ಒಳಗಿಟ್ಟು, ಕೆಲವು ದಿನ ಮುಚ್ಚಿ, ಮೀಟರ್ ಒಂದೇ ಕಡೆ ನಿಂತ ಮೇಲೆ ಸಿಗಾರ್ ಇಡಬೇಕು. ನಾನು ಮೊದಲ ಪೆಟ್ಟಿಗೆಗೆ ಒಂದೇ ರಾತ್ರಿ ಕೊಟ್ಟೆ. ವಾರದೊಳಗೆ ನಾಲ್ಕು ಸಿಗಾರಿನ ರ್‍ಯಾಪರ್ ಸೀಳಿತ್ತು.

ಹುಳುವಿನ ವಿಷಯ ಹೇಳಲೇಬೇಕು. ಹೊಗೆಸೊಪ್ಪಿನ ದುಂಬಿ 2–3 ಮಿಲಿಮೀಟರಿನ ಕಂದು ಹುಳು. ಮೊಟ್ಟೆ ಎಲೆಯ ಜೊತೆಗೇ ಬಂದಿರಬಹುದು, ಕಣ್ಣಿಗೆ ಕಾಣುವುದಿಲ್ಲ. 24 ಡಿಗ್ರಿ ದಾಟಿ ಬಿಸಿ ನಿಂತರೆ ಮರಿಯಾಗಿ ಎಲೆ ತಿನ್ನುತ್ತದೆ. ಒಂದು ಸಿಗಾರಿನಿಂದ ಇಡೀ ಪೆಟ್ಟಿಗೆಗೆ ಹರಡುತ್ತದೆ. ತೂತು ಕಂಡರೆ ಆ ಸಿಗಾರನ್ನು ಎಸೆಯಿರಿ. ಮಿಕ್ಕವನ್ನು ಗಾಳಿ ತೆಗೆದ ಜಿಪ್ ಚೀಲದಲ್ಲಿ ಹಾಕಿ ಫ್ರೀಜರಿನಲ್ಲಿ ಮೂರು ದಿನ ಇಡಿ, ಆಮೇಲೆ ಒಂದು ದಿನ ಫ್ರಿಡ್ಜ್‌ನಲ್ಲಿ, ಆಮೇಲೆ ಹೊರಗೆ. ಚೀಲ ಬಿಚ್ಚುವುದು ಕೋಣೆಯ ಬಿಸಿಗೆ ಬಂದ ಮೇಲೆಯೇ. ಫ್ರಿಡ್ಜ್‌ಗೆ ಇಲ್ಲಿ ಮಾತ್ರ ಕೆಲಸ ಇದೆ, ಅದೂ ಮುಚ್ಚಿದ ಚೀಲದಲ್ಲಿ. ಬಿಳಿ ಅಥವಾ ಹಸಿರು ಹತ್ತಿಯಂತೆ ಕಂಡರೆ ಅದು ಬೂಷ್ಟು. ‘ಹಳೆಯ ಸಿಗಾರಿನ ಎಣ್ಣೆ ಹೊರಬಂದದ್ದು’ ಅಂತ ಯಾರಾದರೂ ಹೇಳಿದರೂ ಒಪ್ಪಬೇಡಿ, ಸೇದಲೂ ಬೇಡಿ.

ಕೊನೆಗೆ ನಿಮ್ಮ ಒಂಬತ್ತು. ಅವು ಈಗ ಒಣಗಿವೆ. ಅವಸರದಲ್ಲಿ ನೀರು ಕುಡಿಸಿದರೆ ಒಳಗಿನ ಎಲೆ ಉಬ್ಬಿ ತೆಳು ರ್‍ಯಾಪರ್ ಸೀಳುತ್ತದೆ. ಡಬ್ಬಿಯಲ್ಲಿ ಮೊದಲು 62ರ ಪ್ಯಾಕೆಟ್ ಇಟ್ಟು ಮೂರು ವಾರ ಬಿಡಿ. ಆಮೇಲೆ 65ರದ್ದು ಹಾಕಿ ಇನ್ನೊಂದು ತಿಂಗಳು. ಪ್ಲಾಸ್ಟಿಕ್‌ನಂತೆ ಕಾಣುವ ಹೊದಿಕೆ ಸೆಲೋಫೇನ್ ಆಗಿದ್ದರೆ ಹಾಗೇ ಇರಲಿ, ಅದರ ಮೂಲಕ ತೇವ ಓಡಾಡುತ್ತದೆ. ವಾರಕ್ಕೊಮ್ಮೆ ಮುಚ್ಚಳ ತೆಗೆದು, ಸಿಗಾರುಗಳ ಜಾಗ ಅದಲುಬದಲು ಮಾಡಿ, ಮತ್ತೆ ಮುಚ್ಚಿ. ಮೂರೇ ವಾರ ಫ್ರಿಡ್ಜ್‌ನಲ್ಲಿದ್ದದ್ದರಿಂದ ಎಲೆಯ ಪರಿಮಳದ ಎಣ್ಣೆ ಪೂರ್ತಿ ಹೋಗಿರಲಾರದು. ನೀರು ಮರಳಿ ಬರುತ್ತದೆ, ಹಾರಿಹೋದ ಎಣ್ಣೆ ಮಾತ್ರ ಮರಳುವುದಿಲ್ಲ.

ಎರಡು ತಿಂಗಳಾದ ಮೇಲೆ ಒಂದನ್ನು ತೆಗೆಯಿರಿ. ಒತ್ತಿ ನೋಡಿ, ಮೂಸಿ ನೋಡಿ. ಹೊಟ್ಟೆ ತುಂಬ ಊಟ ಮಾಡಿ, ಪಕ್ಕದಲ್ಲಿ ನೀರಿಟ್ಟುಕೊಂಡು, ಒಂದು ಗಂಟೆ ಬೇರೆ ಕೆಲಸ ಇಲ್ಲದ ಸಂಜೆ ಹಚ್ಚಿ. ಅರ್ಧಕ್ಕೆ ನಿಲ್ಲಿಸಿದರೂ ಸರಿ. ನಾಲಿಗೆಗೆ ಇನ್ನೂ ಒಣ ಚುರುಕು ತಾಗಿದರೆ ಉಳಿದ ಎಂಟಕ್ಕೆ ಮತ್ತೊಂದು ತಿಂಗಳು ಕೊಡಿ.